ಬೇರಿಂಗಿನ ಸವೆತ: ಮೂಲ ಎಂಜಿನ್ನು, ಮರುಜೋಡಣೆಯ ಎಂಜಿನ್ನು

ಮೋಟಾರು ಕಾರುಗಳ ಸಹವಾಸದಲ್ಲಿ ಬಹುಕಾಲ ಕಳೆದವರ ನಡುವೆ ಒಂದು ನಂಬಿಕೆ ಗಾದೆಯಷ್ಟು ಬಲವಾಗಿ ಬೇರೂರಿದೆ. ಕಂಪನಿ ಫಿಟ್ಟಿಂಗ್ ಇದ್ದಷ್ಟು ದಿನವೇ ಎಂಜಿನ್ನಿನ ನಿಜವಾದ ಆಯುಸ್ಸು; ಒಮ್ಮೆ ಅದನ್ನು ಬಿಚ್ಚಿ, ಬೋರ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೊಸ ಬೇರಿಂಗ್ ಹಾಕಿಸಿದ ಮೇಲೆ ಅದು ಎಷ್ಟು ಸೊಗಸಾಗಿ ಓಡಿದರೂ ಎರಡನೆಯ ಸಲ ಕೆಲಸಕ್ಕೆ ಬರುವುದು ಮೊದಲ ಸಲಕ್ಕಿಂತ ಬಹು ಬೇಗ ಎಂಬುದೇ ಆ ನಂಬಿಕೆ. ಅನುಭವಿಗಳ ಮಾತನ್ನು ಹಗುರವಾಗಿ ತಳ್ಳಿಹಾಕುವುದು ವಿಜ್ಞಾನದ ರೀತಿಯಲ್ಲ. ಆದರೆ ಅನುಭವವು ಫಲವನ್ನು ತಿಳಿಸುವಷ್ಟು ಸ್ಪಷ್ಟವಾಗಿ ಕಾರಣವನ್ನು ತಿಳಿಸಲಾರದು. ಕಾರಣವನ್ನು ಅರಸಿ ಹೊರಟವನು ಎಂಜಿನ್ನಿನ ತಳದಲ್ಲಿ, ಎಣ್ಣೆಯ ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದೆ ದುಡಿಯುವ ಬೇರಿಂಗುಗಳವರೆಗೆ ಇಳಿಯಲೇಬೇಕಾಗುತ್ತದೆ.

ವಿಚಾರಕ್ಕೆ ಒಂದು ನಿಶ್ಚಿತ ಉದಾಹರಣೆ ಇದ್ದರೆ ಒಳ್ಳೆಯದು. ನಮ್ಮ ದೇಶದಲ್ಲಿ ಅತಿ ಹೆಚ್ಚು ಬಾರಿ ಬಿಚ್ಚಿ ಕಟ್ಟಲ್ಪಟ್ಟ ಎಂಜಿನ್ನುಗಳಲ್ಲಿ ಅಂಬಾಸಿಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನೂ ಒಂದೆಂದರೆ ಯಾರೂ ಅಲ್ಲಗಳೆಯಲಾರರು. ಇಂಗ್ಲೆಂಡಿನ ಬಿ.ಎಂ.ಸಿ. ಸಂಸ್ಥೆಯ ವಿನ್ಯಾಸದ್ದಾದ, 1489 ಘನ ಸೆಂಟಿಮೀಟರ್ ಗಾತ್ರದ ಈ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿವೆ. ಕ್ರ್ಯಾಂಕ್‌ಶಾಫ್ಟನ್ನು ಹೊತ್ತು ನಿಲ್ಲುವ ಮೇನ್ ಬೇರಿಂಗುಗಳು ಮೂರು, ಕನೆಕ್ಟಿಂಗ್ ರಾಡುಗಳ ಕೆಳತುದಿಯಲ್ಲಿ ಕ್ರ್ಯಾಂಕಿನ ಪಿನ್ನುಗಳನ್ನು ತಬ್ಬಿ ನಿಲ್ಲುವ ಬಿಗ್ ಎಂಡ್ ಬೇರಿಂಗುಗಳು ನಾಲ್ಕು. ಸಿಲಿಂಡರಿನ ವ್ಯಾಸ ಸುಮಾರು 73 ಮಿಲಿಮೀಟರ್. ಪೆಟ್ರೋಲ್ ಉರಿದ ಮರುಕ್ಷಣ ಒಳಗಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 40 ಕಿಲೋಗ್ರಾಮಿನಷ್ಟಾಯಿತೆಂದು ಇಟ್ಟುಕೊಂಡರೆ, ಪಿಸ್ಟನ್ನಿನ ತಲೆಯ ಮೇಲೆ ಒಂದೂವರೆ ಟನ್ನಿಗೂ ಮೀರಿದ ಭಾರ ಎರಗಿದಂತಾಗುತ್ತದೆ. ಆ ಭಾರವೆಲ್ಲ ರಾಡಿನ ಮೂಲಕ ಇಳಿದು ಬಂದು ಬೀಳುವುದು ಒಂದು ತೆಳುವಾದ ಅರ್ಧಚಂದ್ರಾಕೃತಿಯ ಚಿಪ್ಪಿನ ಮೇಲೆ. ಆ ಚಿಪ್ಪಿನ ಮೈಗೆ ಬಳಿದಿರುವುದೋ, ಉಗುರಿನಿಂದ ಗೀರಿದರೆ ಗೆರೆ ಮೂಡುವಷ್ಟು ಮೃದುವಾದ ಲೋಹ. ಅದರ ಮೇಲೆ, ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ, ಉಕ್ಕಿನ ಪಿನ್ನು ಸೆಕೆಂಡಿಗೆ ಏಳೆಂಟು ಮೀಟರಿನಂತೆ ಜಾರುತ್ತಿರುತ್ತದೆ. ಸಾಮಾನ್ಯ ಬುದ್ಧಿಗೆ ತೋರುವಂತೆ ನೋಡಿದರೆ ಈ ಮೃದು ಲೋಹ ಒಂದು ಗಂಟೆಯೂ ಉಳಿಯಬಾರದು. ಉಳಿಯುತ್ತದೆ, ಒಂದು ಲಕ್ಷ ಕಿಲೋಮೀಟರ್ ಓಡಿದ ಮೇಲೂ ಉಳಿಯುತ್ತದೆ. ಇದು ಹೇಗೆ ಸಾಧ್ಯವೆಂಬುದನ್ನು ಅರಿತಲ್ಲದೆ ಹೊಸದು ಹಳೆಯದುಗಳ ತಾರತಮ್ಯಕ್ಕೆ ಕೈ ಹಾಕುವುದು ವ್ಯರ್ಥ.

ಈ ರಹಸ್ಯದ ಬಾಗಿಲು ತೆರೆದದ್ದು 1883ರಲ್ಲಿ, ಆಕಸ್ಮಿಕವಾಗಿ. ಇಂಗ್ಲೆಂಡಿನ ಯಂತ್ರಶಿಲ್ಪಿಗಳ ಸಂಸ್ಥೆಯು ಘರ್ಷಣೆಯ ಸಂಶೋಧನೆಗಾಗಿ ನಿಯಮಿಸಿದ್ದ ಬೋಶಾಂ ಟವರ್ ಎಂಬಾತನು, ತಿರುಗುವ ಅಚ್ಚಿನ ಮೇಲೆ ಹಿತ್ತಾಳೆಯ ಅರ್ಧ ಬೇರಿಂಗೊಂದನ್ನು ಕೂರಿಸಿ, ಅಚ್ಚಿನ ತಳಭಾಗವು ಎಣ್ಣೆಯಲ್ಲಿ ಮುಳುಗಿರುವಂತೆ ಮಾಡಿ, ಘರ್ಷಣೆಯನ್ನು ಅಳೆಯುತ್ತಿದ್ದನು. ಒಮ್ಮೆ ಎಣ್ಣೆ ಬಿಡುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರವನ್ನು ಕೊರೆಯಿಸಿ ಯಂತ್ರವನ್ನು ನಡೆಸಿದಾಗ, ಒಳಕ್ಕೆ ಹೋಗಬೇಕಾಗಿದ್ದ ಎಣ್ಣೆ ಆ ರಂಧ್ರದಿಂದಲೇ ಮೇಲಕ್ಕೆ ಉಕ್ಕಿ ಹೊರಗೆ ಹರಿಯತೊಡಗಿತು. ಕಾರ್ಕಿನ ಬಿರಡೆ ಹಾಕಿದರು, ಅದು ಹಾರಿಹೋಯಿತು. ಮರದ ಬೆಣೆ ಬಡಿದರು, ಅದನ್ನೂ ಎಣ್ಣೆ ಮೆಲ್ಲಮೆಲ್ಲನೆ ಹೊರದೂಡಿತು. ಕೊನೆಗೆ ಅಲ್ಲಿ ಒತ್ತಡಮಾಪಕವನ್ನು ಜೋಡಿಸಿದಾಗ ಅದು ಪ್ರತಿ ಚದರ ಅಂಗುಲಕ್ಕೆ 200 ಪೌಂಡಿಗೂ ಹೆಚ್ಚಿನ ಒತ್ತಡವನ್ನು ತೋರಿತು. ಬೇರಿಂಗಿನ ಮೇಲೆ ಹೇರಿದ್ದ ಭಾರದ ಸರಾಸರಿಯಾದರೋ 100 ಪೌಂಡು. ಭಾರವನ್ನು ಹೊತ್ತಿದ್ದುದು ಹಿತ್ತಾಳೆಯಲ್ಲ, ಎಣ್ಣೆ! ಬಿರಡೆ ಹಾರಿದ್ದನ್ನು ಕೇವಲ ಕಾಟವೆಂದು ಬಗೆದು ಮುಂದೆ ಹೋಗದೆ, ಅಲ್ಲಿ ಮಾಪಕವನ್ನಿಟ್ಟು ನೋಡಿದ ಆ ಮನುಷ್ಯನ ಗುಣವನ್ನು ನಾನು ಸಂಶೋಧಕನ ಗುಣಗಳಲ್ಲೆಲ್ಲ ಶ್ರೇಷ್ಠವೆಂದೆಣಿಸುತ್ತೇನೆ.

ಮೂರು ವರ್ಷಗಳ ತರುವಾಯ, 1886ರಲ್ಲಿ, ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬರ್ನ್ ರೆನಾಲ್ಡ್ಸ್ ಈ ವಿದ್ಯಮಾನಕ್ಕೆ ಗಣಿತದ ರೂಪ ಕೊಟ್ಟನು. ಅಚ್ಚು ತನ್ನ ಗೂಡಿನ ನಡುಮಧ್ಯದಲ್ಲಿ ತಿರುಗುವುದಿಲ್ಲ. ಭಾರದ ಕಡೆಗೆ ತುಸು ಸರಿದು ತಿರುಗುತ್ತದೆ. ಹೀಗೆ ಸರಿದುದರಿಂದ ಎರಡು ಮೈಗಳ ನಡುವಿನ ಸಂದು ಒಂದೆಡೆ ಅಗಲವಾಗಿಯೂ ಮುಂದೆ ಕ್ರಮೇಣ ಕಿರಿದಾಗಿಯೂ ಬೆಣೆಯ ಆಕಾರವನ್ನು ತಾಳುತ್ತದೆ. ಅಚ್ಚಿನ ಮೈಗೆ ಅಂಟಿದ ಎಣ್ಣೆ ಅದರೊಡನೆ ಸೆಳೆಯಲ್ಪಟ್ಟು ಆ ಇಕ್ಕಟ್ಟಿಗೆ ನುಗ್ಗುವಾಗ, ತನ್ನ ಸ್ನಿಗ್ಧತೆಯ ಕಾರಣದಿಂದ ಥಟ್ಟನೆ ಪಕ್ಕಕ್ಕೆ ಹರಿದುಹೋಗಲಾರದೆ, ಒತ್ತಡವನ್ನು ಬೆಳೆಸಿಕೊಂಡು ಅಚ್ಚನ್ನು ಎತ್ತಿ ಹಿಡಿಯುತ್ತದೆ. ಜೋರು ಮಳೆಯಲ್ಲಿ ಡಾಂಬರು ರಸ್ತೆಯ ಮೇಲೆ ವೇಗವಾಗಿ ಹೋಗುವ ಕಾರಿನ ಟಯರುಗಳು ನೆಲದ ಹಿಡಿತ ತಪ್ಪಿ ನೀರಿನ ಮೇಲೆ ತೇಲುವಂತೆಯೇ ಇದು. ಅಲ್ಲಿ ಅಪಾಯವಾದದ್ದು ಇಲ್ಲಿ ರಕ್ಷಣೆ. ಆ ಎಣ್ಣೆಯ ಪೊರೆ ಭಾರದ ಶಿಖರಕ್ಷಣದಲ್ಲಿ ಒಂದೆರಡು ಮೈಕ್ರಾನಿನಷ್ಟು, ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ತೆಳುವಾಗಬಹುದು. ಆದರೂ ಪೊರೆ ಹರಿಯದಿರುವವರೆಗೆ ಲೋಹವು ಲೋಹವನ್ನು ಮುಟ್ಟುವುದಿಲ್ಲ, ಮುಟ್ಟದೆ ಸವೆತವಿಲ್ಲ.

ಹಾಗಾದರೆ ಸವೆತ ಎಂದು ಆಗುತ್ತದೆ? ಪೊರೆ ಇಲ್ಲದ ಕ್ಷಣಗಳಲ್ಲಿ. ರಾತ್ರಿಯೆಲ್ಲ ನಿಂತ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟು ತನ್ನ ಭಾರಕ್ಕೆ ತಾನೇ ಇಳಿದು ಚಿಪ್ಪಿನ ಮೇಲೆ ಕೂತಿರುತ್ತದೆ; ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಪಂಪಿನಿಂದ ಎಣ್ಣೆ ಬಂದು ಮುಟ್ಟುವವರೆಗೆ, ವೇಗ ಹೆಚ್ಚಿ ಬೆಣೆ ಕಟ್ಟಿಕೊಳ್ಳುವವರೆಗೆ, ಹಿಂದಿನ ದಿನ ಉಳಿದ ಜಿಡ್ಡೇ ಆಧಾರ. ಭಾರ, ವೇಗ, ಸ್ನಿಗ್ಧತೆ ಈ ಮೂರರ ಮೇಲಾಟದಲ್ಲಿ ಘರ್ಷಣೆ ಹೇಗೆ ಏರಿಳಿಯುತ್ತದೆಂಬುದನ್ನು ಜರ್ಮನಿಯ ರಿಚರ್ಡ್ ಸ್ಟ್ರಿಬೆಕ್ 1902ರಲ್ಲಿ ರೇಖಾಚಿತ್ರದಿಂದ ತೋರಿಸಿಕೊಟ್ಟನು. ಹೀಗೆ ಪೊರೆ ಕಟ್ಟದಿರುವುದು ಒಂದು ಕಾರಣ. ಎರಡನೆಯದು, ನನ್ನ ಎಣಿಕೆಯಲ್ಲಿ ಇದಕ್ಕಿಂತಲೂ ಘೋರವಾದದ್ದು, ಕಲ್ಮಷ. ಪೊರೆ ಎರಡು ಮೈಕ್ರಾನಿನದು, ಅದರಲ್ಲಿ ತೇಲಿ ಬರುವ ಮರಳಿನ ಕಣ ಇಪ್ಪತ್ತು ಮೈಕ್ರಾನಿನದು ಎಂದಾದರೆ ಆ ಕಣ ಎರಡು ಮೈಗಳನ್ನೂ ಏಕಕಾಲಕ್ಕೆ ಗೀರದೆ ಹೋಗುವುದು ಹೇಗೆ?

ಚಿಪ್ಪಿನ ಲೋಹವನ್ನು ಮೃದುವಾಗಿಟ್ಟಿರುವುದರ ಮರ್ಮ ಇಲ್ಲಿದೆ. ಅಂಥ ಕಣವನ್ನು ಮೃದು ಲೋಹ ತನ್ನ ಮೈಯೊಳಗೆ ಹುದುಗಿಸಿಕೊಂಡು, ತಾನು ಗಾಯಗೊಂಡು, ಬೆಲೆಬಾಳುವ ಶಾಫ್ಟನ್ನು ಕಾಯುತ್ತದೆ. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ಬೇರಿಂಗಿನಿಂದಾಗಿ ತವರ, ಆಂಟಿಮನಿ, ತಾಮ್ರಗಳ ಮಿಶ್ರಲೋಹಕ್ಕೆ ಅವನ ಹೆಸರೇ ನಿಂತುಹೋಯಿತು. ಮೊದಮೊದಲು ಈ ಲೋಹವನ್ನು ಕರಗಿಸಿ ಎಂಜಿನ್ನಿನ ಗೂಡಿಗೇ ಎರಕ ಹೊಯ್ದು, ಕುಶಲಿಯಾದ ಫಿಟ್ಟರನು ನೀಲಿ ಬಣ್ಣ ಸವರಿ ನೋಡಿ ನೋಡಿ, ಕೈಯಿಂದಲೇ ಕೆರೆದು ಹದಕ್ಕೆ ತರುತ್ತಿದ್ದನು. ಫೋರ್ಡ್ ಸಂಸ್ಥೆಯ ಮಾಡೆಲ್ ಟಿ ಕಾರಿನ ಬೇರಿಂಗುಗಳೂ ಎರಕದವೇ. ಅನಂತರ ಉಕ್ಕಿನ ತೆಳು ಪಟ್ಟಿಯ ಮೇಲೆ ಬೇರಿಂಗ್ ಲೋಹವನ್ನು ಹಚ್ಚಿ ಬಾಗಿಸಿ, ಕೆರೆಯುವ ಕೆಲಸವೇ ಇಲ್ಲದಂತೆ ನೇರವಾಗಿ ಗೂಡಿನಲ್ಲಿ ಕೂರಿಸತಕ್ಕ ತೆಳುಗೋಡೆಯ ಚಿಪ್ಪುಗಳು ಬಂದವು. ಇವನ್ನು ಅಮೆರಿಕದ ಪರವಾನಗಿ ಪಡೆದು ಬ್ರಿಟನ್ನಿನಲ್ಲಿ ತಯಾರಿಸಿದವನು ಟೋನಿ ವ್ಯಾಂಡರ್ವೆಲ್. ಆತನು ಮುಂದೆ ಕಟ್ಟಿದ ಪಂದ್ಯದ ಕಾರಿಗೆ ತನ್ನ ಹೆಸರಿನ ಮೊದಲನ್ನೂ ‘ಥಿನ್‌ವಾಲ್’ ಎಂಬ ತನ್ನ ಬೇರಿಂಗಿನ ಹೆಸರಿನ ಕೊನೆಯನ್ನೂ ಕೂಡಿಸಿ ‘ವ್ಯಾನ್‌ವಾಲ್’ ಎಂದು ಕರೆದನು. 1958ರಲ್ಲಿ ಫಾರ್ಮುಲಾ ಒನ್ ಪಂದ್ಯಗಳ ಪ್ರಪ್ರಥಮ ತಯಾರಕರ ಪ್ರಶಸ್ತಿ ಆ ಕಾರಿಗೆ ದೊರೆಯಿತು. ಬೇರಿಂಗಿನ ಚಿಪ್ಪೊಂದಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಸಂದದ್ದನ್ನು ನಾನರಿಯೆ.

ಈಗ ಮೂಲ ಎಂಜಿನ್ನಿಗೆ ಬರೋಣ. ಶಾಫ್ಟಿಗೂ ಚಿಪ್ಪಿಗೂ ನಡುವೆ ಬಿಡತಕ್ಕ ಸಂದು, ಐವತ್ತು ಮಿಲಿಮೀಟರ್ ಆಸುಪಾಸಿನ ಶಾಫ್ಟಿಗೆ, ಒಂದರಿಂದ ಎರಡೂವರೆ ಥೌ. ಥೌ ಎಂದರೆ ಅಂಗುಲದ ಸಾವಿರದ ಒಂದು ಪಾಲು, ಸುಮಾರು 25 ಮೈಕ್ರಾನು. ಕಾರ್ಖಾನೆಯಲ್ಲಿ ಶಾಫ್ಟು, ಗೂಡು, ಚಿಪ್ಪು ಮೂರನ್ನೂ ಒಂದೇ ಅಳತೆಯಲ್ಲಿ ಮಾಡುವುದು ಅಸಾಧ್ಯವಾದುದರಿಂದ ಹಲವು ತಯಾರಕರು, ಅದರಲ್ಲೂ ಜಪಾನೀಯರು, ಚಿಪ್ಪುಗಳನ್ನು ಕೆಲವೇ ಮೈಕ್ರಾನುಗಳ ಅಂತರದಲ್ಲಿ ದರ್ಜೆಗಳಾಗಿ ವಿಂಗಡಿಸಿ, ಬಣ್ಣದ ಗುರುತು ಹಾಕಿ, ಆಯಾ ಶಾಫ್ಟಿಗೆ ತಕ್ಕುದನ್ನು ಆಯ್ದು ಕೂರಿಸುತ್ತಾರೆ. ಹೀಗೆ ಜೋಡಣೆಗೊಂಡ ಬೇರಿಂಗು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಸ್ವಲ್ಪ ಬೇಗನೆ ಸವೆಯುತ್ತದೆ. ಎರಡೂ ಮೈಗಳ ಸೂಕ್ಷ್ಮವಾದ ಉಬ್ಬುಗಳು ಒಂದನ್ನೊಂದು ಸಮಗೊಳಿಸಿಕೊಳ್ಳುವ ಕಾಲ ಅದು. ಅಲ್ಲಿಂದಾಚೆಗೆ ಸವೆತ ಬಹು ನಿಧಾನ. ಒಂದು ಲಕ್ಷ ಕಿಲೋಮೀಟರ್ ಓಡಿ, ಪಿಸ್ಟನ್ ರಿಂಗುಗಳು ಸೋತು ಹೊಗೆ ಉಗುಳುತ್ತಿರುವ ಎಂಜಿನ್ನನ್ನು ಬಿಚ್ಚಿದಾಗ ಹೊರಬರುವ ಮೂಲದ ಚಿಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಬೂದುಬಣ್ಣದ ಮಾಸಲು ಮೈ. ಭಾರ ಬೀಳುವ ಕಡೆಯಲ್ಲಿ, ಎಂದರೆ ಮೇನ್ ಬೇರಿಂಗಿಗೆ ಕೆಳಗಿನ ಚಿಪ್ಪಿನಲ್ಲೂ ಬಿಗ್ ಎಂಡಿಗೆ ಮೇಲಿನ ಚಿಪ್ಪಿನಲ್ಲೂ, ನಟ್ಟನಡುವೆ ನುಣುಪಾದ ಅಗಲ ಪಟ್ಟೆ. ಆ ಪಟ್ಟೆ ಅಂಚುಗಳ ಕಡೆಗೆ ಹೋಗುತ್ತ ಮೆಲ್ಲಗೆ ಮಾಸಲು ಬಣ್ಣದಲ್ಲಿ ಲೀನವಾಗುತ್ತದೆ. ಅಲ್ಲಲ್ಲಿ ಕೂದಲೆಳೆಯಂಥ ಗೀರುಗಳು, ಒಂದೆರಡು ಕಡೆ ಹುದುಗಿಹೋದ ಕಪ್ಪು ಚುಕ್ಕೆಗಳು; ತಾಮ್ರ ಬೆರೆತ ಪದರವಿದ್ದರೆ ಅದರ ಕೆಂಪು ಅಲ್ಲಿಷ್ಟು ಇಣುಕುತ್ತಿರಲೂಬಹುದು. ಇದು ಧರ್ಮದಿಂದಾದ ಸವೆತ, ರೋಗದ್ದಲ್ಲ.

ಸಂದು ಹಿಗ್ಗಿದರೆ ಆಗುವುದೇನು? ರೆನಾಲ್ಡ್ಸನ ಸಮೀಕರಣದಿಂದಲೇ ಹೊರಡುವ ಒಂದು ಕಠಿಣ ನಿಯಮವಿದೆ: ಸಂದಿನ ಮೂಲಕ ಪಕ್ಕಕ್ಕೆ ಸೋರಿಹೋಗುವ ಎಣ್ಣೆಯ ಪ್ರಮಾಣ ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ. 40 ಮೈಕ್ರಾನಿದ್ದ ಸಂದು 80 ಆದರೆ ಸೋರಿಕೆ ಎರಡರಷ್ಟಲ್ಲ, ಎಂಟರಷ್ಟು. ಪಂಪು ಒದಗಿಸುವ ಎಣ್ಣೆಗೆ ಮಿತಿಯುಂಟು. ಏಳು ಬೇರಿಂಗುಗಳಲ್ಲಿ ಎರಡು ಮೂರು ಹೀಗೆ ಸಡಿಲಗೊಂಡವೆಂದರೆ ಬಿಸಿಯಾದ ಎಂಜಿನ್ನು ನಿಧಾನವಾಗಿ ತಿರುಗುವಾಗ ಎಣ್ಣೆಯ ಒತ್ತಡ ಕುಸಿಯುತ್ತದೆ, ಚೆನ್ನಾಗಿದ್ದ ಇತರ ಬೇರಿಂಗುಗಳೂ ಬಡವಾಗುತ್ತವೆ. ಸವೆತವು ಸವೆತವನ್ನು ಬೆಳೆಸುವ ಈ ಘಟ್ಟಕ್ಕೆ ಬಂದಾಗಲೇ ‘ಬೇರಿಂಗ್ ಬಡಿಯುತ್ತಿದೆ’ ಎಂದು ಮೆಕ್ಯಾನಿಕ್ಕು ಕಿವಿಗೊಟ್ಟು ಹೇಳುವುದು.

ಅಲ್ಲಿಂದ ಎಂಜಿನ್ನಿನ ಎರಡನೆಯ ಜನ್ಮ. ಶಾಫ್ಟಿನ ಜರ್ನಲುಗಳು, ಎಂದರೆ ಬೇರಿಂಗಿನೊಳಗೆ ತಿರುಗುವ ಅದರ ದುಂಡು ಭಾಗಗಳು, ಅಂಡಾಕಾರಕ್ಕೆ ತಿರುಗಿದ್ದರೆ ಅಥವಾ ಗೀರುಬಿದ್ದಿದ್ದರೆ ಅವನ್ನು ಗ್ರೈಂಡಿಂಗ್ ಯಂತ್ರದಲ್ಲಿಟ್ಟು 10, 20, 30, ಕೊನೆಗೆ 40 ಥೌ ಎಂಬ ನಿಗದಿಯಾದ ಹಂತಗಳಲ್ಲೊಂದಕ್ಕೆ ಇಳಿಸಿ, ಅದಕ್ಕೆ ಸರಿಯಾಗಿ ದಪ್ಪನಾದ ಚಿಪ್ಪುಗಳನ್ನು ಹಾಕುತ್ತಾರೆ. ಸಣ್ಣಗಾದ ಶಾಫ್ಟು ಬಲಗುಂದಿತಲ್ಲ, ಆದ್ದರಿಂದಲೇ ಬೇಗ ಸವೆಯುತ್ತದೆ ಎಂದು ಅನೇಕರು ಊಹಿಸುತ್ತಾರೆ. ಲೆಕ್ಕ ಈ ಊಹೆಯನ್ನು ಸಮರ್ಥಿಸುವುದಿಲ್ಲ. 48 ಮಿಲಿಮೀಟರಿನ ಪಿನ್ನಿನಿಂದ 10 ಥೌ, ಎಂದರೆ ಕಾಲು ಮಿಲಿಮೀಟರ್, ತೆಗೆದರೆ ವ್ಯಾಸದಲ್ಲಿ ಕಡಿಮೆಯಾದದ್ದು ನೂರಕ್ಕೆ ಅರ್ಧ ಪಾಲು; ಬೇರಿಂಗಿನ ಮೇಲಣ ಒತ್ತಡವೂ ಅಷ್ಟೇ ಅಲ್ಪವಾಗಿ ಏರುತ್ತದೆ. ಇದರಿಂದ ಪೊರೆ ಹರಿಯುವುದೆಂದು ಹೇಳಲು ಆಧಾರವಿಲ್ಲ. ಗಡಸಿನ ಮಾತು ಬೇರೆ. ಒಳಗೂ ಹೊರಗೂ ಒಂದೇ ಹದದ ಉಕ್ಕಾದರೆ ಗ್ರೈಂಡಿಂಗಿನಿಂದ ಗಡಸು ಕುಂದುವುದಿಲ್ಲ. ವಿದ್ಯುತ್ ಪ್ರೇರಣೆಯಿಂದ ಕಾಯಿಸಿ ಗಡಸುಗೊಳಿಸಿದ ಪದರವಾದರೆ ಅದು ಮಿಲಿಮೀಟರುಗಳಷ್ಟು ಆಳವಿರುವುದರಿಂದ ಉಳಿಯುತ್ತದೆ. ಸಾರಜನಕದ ಸಂಸ್ಕಾರದಿಂದ ಗಡಸುಗೊಳಿಸಿದ ತೆಳು ಪದರವಾದರೆ ಮಾತ್ರ ಬಹುಭಾಗ ಅರೆದು ಹೋಗುತ್ತದೆ, ಮತ್ತೆ ಅದೇ ಸಂಸ್ಕಾರವನ್ನು ಮಾಡಿಸಬೇಕಾಗುತ್ತದೆ. ಎರಡು ಮೈಗಳು ಮುಟ್ಟಿ ಜಾರುವಾಗ ಸವೆದುಹೋಗುವ ಪ್ರಮಾಣವು ಭಾರಕ್ಕೂ ಜಾರಿದ ದೂರಕ್ಕೂ ಅನುಗುಣವಾಗಿ ಏರಿ, ಗಡಸು ಹೆಚ್ಚಿದಂತೆ ಇಳಿಯುವುದೆಂದು 1953ರಲ್ಲಿ ಆರ್ಚರ್ಡ್ ಎಂಬ ಸಂಶೋಧಕನು ತೋರಿಸಿದ ಸೂತ್ರ ಇಲ್ಲಿ ಅನ್ವಯಿಸುತ್ತದೆ. ಆದರೆ ಮುಟ್ಟಿದಾಗ ಮಾತ್ರ ಎಂಬುದನ್ನು ಮರೆಯತಕ್ಕದ್ದಲ್ಲ.

ವ್ಯತ್ಯಾಸ ಹುಟ್ಟುವುದು ಬೇರೆ ಕಡೆಗಳಲ್ಲಿ, ಸಾಮಾನ್ಯವಾಗಿ ಯಾರೂ ಲಕ್ಷ್ಯ ಕೊಡದ ಕಡೆಗಳಲ್ಲಿ. ಗ್ರೈಂಡಿಂಗ್ ಕಲ್ಲಿನ ಮುಖ ಸವೆದು ವಕ್ರವಾಗಿದ್ದರೆ ಜರ್ನಲು ಕಣ್ಣಿಗೆ ನೆಟ್ಟಗೆ ಕಂಡರೂ ನಡುವೆ ಉಬ್ಬಿ ಅಥವಾ ತಗ್ಗಿ ಬರುತ್ತದೆ. ಉಬ್ಬು ಕೆಲವೇ ಮೈಕ್ರಾನಾಗಿದ್ದರೂ, ಪೊರೆಯೇ ಎರಡು ಮೈಕ್ರಾನಿನದಾಗಿರುವಲ್ಲಿ ಅದು ಬೆಟ್ಟ. ಜರ್ನಲಿನ ಪಕ್ಕದ ಮೂಲೆಯ ದುಂಡನ್ನು ಚೂಪಾಗಿ ಬಿಟ್ಟರೆ ಶಾಫ್ಟಿಗೆ ಅಲ್ಲಿಂದಲೇ ಬಿರುಕು. ಅತಿ ದುಂಡಾಗಿಸಿದರೆ ಚಿಪ್ಪಿನ ಅಂಚು ಅದರ ಮೇಲೆ ಹತ್ತಿ ಕೂರುತ್ತದೆ. ಗುಂಡುಗ್ರಾಫೈಟಿನ ಎರಕಕಬ್ಬಿಣದ ಶಾಫ್ಟಾದರೆ ಇನ್ನೂ ಒಂದು ಸೂಕ್ಷ್ಮವಿದೆ: ಗ್ರೈಂಡಿಂಗಿನಲ್ಲಿ ಗ್ರಾಫೈಟಿನ ಗುಂಡುಗಳ ಬಾಯಂಚಿನಲ್ಲಿ ಲೋಹದ ಅತಿ ಸಣ್ಣ ಮುಳ್ಳುಗಳು ಒಂದೇ ದಿಕ್ಕಿಗೆ ವಾಲಿ ಏಳುತ್ತವೆ, ಶಾಫ್ಟು ತಿರುಗುವ ದಿಕ್ಕನ್ನು ನೋಡಿಕೊಂಡು ಕೊನೆಯ ಪಾಲಿಶ್ ಹಿಡಿಯದಿದ್ದರೆ ಆ ಮುಳ್ಳುಗಳು ಅರದಂತೆ ಚಿಪ್ಪನ್ನು ತಿನ್ನುತ್ತವೆ. ಗೂಡಿನ ಕಥೆಯೂ ಸಣ್ಣದಲ್ಲ. ಚಿಪ್ಪಿನ ಎರಡು ಅರ್ಧಗಳನ್ನು ಗೂಡಿಗಿಂತ ಕೂದಲೆಳೆಯಷ್ಟು ಉದ್ದವಾಗಿ ಮಾಡಿರುತ್ತಾರೆ. ಬೋಲ್ಟು ಬಿಗಿದಾಗ ಆ ಹೆಚ್ಚಿನ ಉದ್ದ ಒತ್ತಲ್ಪಟ್ಟು ಚಿಪ್ಪು ಗೂಡಿನ ಗೋಡೆಗೆ ಗಟ್ಟಿಯಾಗಿ ಅಂಟುತ್ತದೆ, ಅದರ ಶಾಖ ಉಕ್ಕಿಗೆ ಹರಿಯುತ್ತದೆ. ಹಲವು ವರ್ಷ ದುಡಿದ ರಾಡಿನ ಗೂಡು ಅಂಡಾಕಾರವಾಗಿದ್ದೂ ಅದನ್ನು ಅಳೆಯದೆ, ಹೊಸ ಚಿಪ್ಪು ಹಾಕಿ ಬಿಗಿದುಬಿಟ್ಟರೆ ಈ ಅಪ್ಪುಗೆ ಸಡಿಲ. ಗೂಡಿನ ಕೆಳಗಿನ ಅರ್ಧವಾದ ಕ್ಯಾಪನ್ನು ಒಂದನೆಯ ರಾಡಿನಿಂದ ತೆಗೆದು ಮೂರನೆಯದಕ್ಕೆ ಹಾಕಿದರಂತೂ ಕೇಳುವುದೇ ಬೇಡ.

ಇವೆಲ್ಲಕ್ಕೂ ಮಿಗಿಲಾದದ್ದು ಶುಚಿ. ಕ್ರ್ಯಾಂಕ್‌ಶಾಫ್ಟಿನೊಳಗೆ ಮೇನ್ ಜರ್ನಲಿನಿಂದ ಬಿಗ್ ಎಂಡಿಗೆ ಎಣ್ಣೆ ಹರಿಯಲು ಕೊರೆದ ಕಾಲುವೆಗಳಿವೆ. ವರ್ಷಗಟ್ಟಲೆ ತಿರುಗಿದ ರಭಸಕ್ಕೆ ಎಣ್ಣೆಯ ಮಡ್ಡಿ ಅವುಗಳ ಮೂಲೆಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಅದರ ಮೇಲೆ ಗ್ರೈಂಡಿಂಗ್ ಕಲ್ಲಿನ ಪುಡಿಯೂ ಲೋಹದ ಪುಡಿಯೂ ಬಂದು ಸೇರುತ್ತವೆ. ಸಿಲಿಂಡರುಗಳನ್ನು ಹೋನ್ ಮಾಡಿದಾಗ ಉದುರುವ ಕುರಂದದ ಪುಡಿಯಾದರೋ ಶಾಫ್ಟಿನ ಉಕ್ಕಿಗಿಂತ ಗಡಸು. ಹೊರಮೈಯನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ ಇವು ಹೋಗುವುದಿಲ್ಲ. ಕಾಲುವೆಗಳ ಬಿರಡೆ ಕಿತ್ತು, ಉದ್ದನೆಯ ಬ್ರಷ್ಷಿನಿಂದ ಉಜ್ಜಿ, ಸಾಬೂನಿನ ಬಿಸಿನೀರಿನಿಂದ ತೊಳೆದು, ಗಾಳಿ ಹೊಡೆದು, ಬಿಳಿಯ ಬಟ್ಟೆಗೆ ಬಣ್ಣ ಹತ್ತದವರೆಗೆ ಒರೆಸಬೇಕು. ಇದು ಯಾರೂ ಮೆಚ್ಚದ, ಬಿಲ್ಲಿನಲ್ಲಿ ಕಾಣದ ಕೆಲಸ. ಆದುದರಿಂದಲೇ ತಪ್ಪಿಹೋಗುವ ಕೆಲಸ. ಮರುಜೋಡಣೆಯ ಎಂಜಿನ್ನಿನ ಕೆಟ್ಟ ಹೆಸರಿನ ದೊಡ್ಡ ಪಾಲು ಈ ತೊಳೆಯದ ಕಾಲುವೆಗಳಿಗೆ ಸೇರಬೇಕಾದದ್ದೆಂದು ನನ್ನ ದೃಢವಾದ ಅಭಿಪ್ರಾಯ.

ಇಂಥ ಎಂಜಿನ್ನನ್ನು ಅಕಾಲದಲ್ಲಿ ಮತ್ತೆ ಬಿಚ್ಚಿ, ಅದರ ಚಿಪ್ಪುಗಳನ್ನು ಮೂಲದ ಚಿಪ್ಪುಗಳ ಪಕ್ಕದಲ್ಲಿಟ್ಟರೆ ಕಥೆ ತಾನಾಗಿಯೇ ತಿಳಿಯುತ್ತದೆ. ನಟ್ಟನಡುವಿನ ಪಟ್ಟೆಯ ಬದಲು ಮೇಲಿನ ಚಿಪ್ಪಿನ ಒಂದಂಚೂ ಕೆಳಗಿನದರ ಎದುರಂಚೂ ಹೊಳೆಯುತ್ತಿದ್ದರೆ ರಾಡು ಬಾಗಿದೆ. ಎರಡು ಅಂಚುಗಳೂ ಸಮನಾಗಿ ಸವೆದು ನಡುಭಾಗ ಹೊಸದರಂತಿದ್ದರೆ ಜರ್ನಲಿನ ನಡು ತಗ್ಗಿದೆ. ಒಂದೇ ಕಡೆ ಹೊಳೆಯುವ ಬೊಟ್ಟಿದ್ದು, ಚಿಪ್ಪನ್ನು ತಿರುಗಿಸಿ ನೋಡಿದರೆ ಬೆನ್ನಿನ ಅದೇ ಜಾಗದಲ್ಲಿ ಕಪ್ಪು ಗುರುತಿದ್ದರೆ, ಕೂರಿಸುವಾಗ ಗೂಡಿಗೂ ಚಿಪ್ಪಿಗೂ ನಡುವೆ ಒಂದು ಕಸದ ಕಣ ಸಿಕ್ಕಿಕೊಂಡಿತ್ತು. ಸುತ್ತಲೂ ಆಳವಾದ ಗೀರುಗಳಾದರೆ ಅದು ಕಾಲುವೆಯ ಪುಡಿ. ಮೂಲದ ಸವೆತ ವಯಸ್ಸನ್ನು ಹೇಳುತ್ತದೆ. ಮರುಜೋಡಣೆಯ ಸವೆತ ಕಟ್ಟಿದ ಕೈಯನ್ನು ಹೇಳುತ್ತದೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ಇನ್ನೊಂದು ಎಚ್ಚರ ಬೇಕು. ವರ್ಕ್‌ಶಾಪಿನವನ ಕಣ್ಣಿಗೆ ಬೀಳುವ ಮರುಜೋಡಣೆಯ ಎಂಜಿನ್ನುಗಳು ಯಾವುವು? ಕೆಟ್ಟು ಹಿಂತಿರುಗಿದವು. ಸರಿಯಾಗಿ ಕಟ್ಟಲ್ಪಟ್ಟವು ರಸ್ತೆಯ ಮೇಲೆ ಓಡಿಕೊಂಡಿರುತ್ತವೆ. ಅವುಗಳ ಚಿಪ್ಪನ್ನು ನೋಡುವ ಅವಕಾಶ ಯಾರಿಗೂ ಒದಗುವುದಿಲ್ಲ. ಮೂಲ ಎಂಜಿನ್ನುಗಳಾದರೋ ಬಹುಪಾಲು ದೀರ್ಘಾಯುಸ್ಸನ್ನು ಮುಗಿಸಿಯೇ, ಅದೂ ರಿಂಗೋ ವಾಲ್ವೋ ಸೋತು, ಬಿಚ್ಚಲ್ಪಡುತ್ತವೆ. ಹೀಗೆ ಒಂದು ಗುಂಪಿನಿಂದ ಆರೋಗ್ಯವಂತರನ್ನೂ ಇನ್ನೊಂದರಿಂದ ರೋಗಿಗಳನ್ನೂ ಆಯ್ದು ಹೋಲಿಸಿದರೆ ನಿರ್ಣಯ ಮೊದಲೇ ನಿಶ್ಚಿತ. ಬಿಚ್ಚದೆಯೇ ನೋಡುವ ಒಂದು ಮಾರ್ಗವಿದೆ: ಎಣ್ಣೆಯ ಮಾದರಿಯನ್ನು ವರ್ಣಪಟಲದ ಪರೀಕ್ಷೆಗೆ ಒಡ್ಡಿ ಅದರಲ್ಲಿ ಸೀಸ, ತವರ, ತಾಮ್ರ, ಕಬ್ಬಿಣಗಳೆಷ್ಟಿವೆಯೆಂದು ಅಳೆಯುವುದು. ಅಮೆರಿಕದ ರೈಲ್ವೆಗಳು 1940ರ ದಶಕದಲ್ಲಿ ಡೀಸೆಲ್ ಎಂಜಿನ್ನುಗಳಿಗೆ ಬಳಕೆಗೆ ತಂದ ಈ ಕ್ರಮದಿಂದ ಓಡುತ್ತಿರುವ ಎಂಜಿನ್ನಿನ ಸವೆತವನ್ನೇ ತಿಂಗಳಿಂದ ತಿಂಗಳಿಗೆ ಲೆಕ್ಕವಿಡಬಹುದು. ಒಂದೇ ಬಗೆಯ ಎಣ್ಣೆ, ಒಂದೇ ಬಗೆಯ ಹೊರೆ, ಒಂದೇ ದೂರ. ಈ ಮೂರು ಸಮನಾದಾಗ ಮಾತ್ರ ಹೋಲಿಕೆಗೆ ಅರ್ಥ. ಅಂಥ ಹೋಲಿಕೆಯಲ್ಲಿ, ಅಳತೆ ತಪ್ಪದೆ ಶುಚಿಯಾಗಿ ಕಟ್ಟಿದ ಎಂಜಿನ್ನಿನ ಬೇರಿಂಗು ಮೂಲದ್ದಕ್ಕಿಂತ ಬೇಗ ಸವೆಯಬೇಕೆಂಬುದಕ್ಕೆ ಭೌತವಿಜ್ಞಾನದಲ್ಲಿ ಯಾವ ಕಾರಣವೂ ಇಲ್ಲ. ಎಣ್ಣೆಯ ಪೊರೆಗೆ ಸಂದಿನ ಅಳತೆ ಗೊತ್ತು, ಮೈಯ ನುಣುಪು ಗೊತ್ತು, ಜೋಡಿಸಿದವರಾರೆಂಬುದು ಗೊತ್ತಿಲ್ಲ.

ಆದುದರಿಂದ ಎಂಜಿನ್ ಕೆಲಸ ಮಾಡಿಸುವವರು ಜೋಡಣೆಯ ದಿನ ಎದುರಿಗೆ ನಿಂತು ಒಂದು ಪರೀಕ್ಷೆಯನ್ನು ಮಾಡಿಸಿ ನೋಡಬೇಕೆಂದು ನನ್ನ ಸಲಹೆ. ಪ್ಲಾಸ್ಟಿಗೇಜ್ ಎಂಬ, ಮೇಣದಂತೆ ಮೆತ್ತಗಿನ ಹಸಿರು ಎಳೆಯೊಂದು ಸಿಗುತ್ತದೆ. ಒಣಗಿದ ಜರ್ನಲಿನ ಮೇಲೆ ಅದರ ತುಂಡೊಂದನ್ನು ಉದ್ದಕ್ಕೆ ಇಟ್ಟು, ಚಿಪ್ಪು ಸಹಿತ ಕ್ಯಾಪನ್ನು ನಿಗದಿಯಾದ ಬಿಗಿತಕ್ಕೆ ಬಿಗಿದು, ಶಾಫ್ಟನ್ನು ತಿರುಗಿಸದೆ ಮತ್ತೆ ಕಳಚಿದರೆ, ಎಳೆ ಚಪ್ಪಟೆಯಾಗಿ ರಿಬ್ಬನ್ನಿನಂತೆ ಅಂಟಿರುತ್ತದೆ. ಅದರ ಲಕೋಟೆಯ ಮೇಲೆ ಅಚ್ಚಾದ ಅಳತೆಪಟ್ಟಿಯನ್ನು ಪಕ್ಕಕ್ಕೆ ಹಿಡಿದು ರಿಬ್ಬನ್ನಿನ ಅಗಲವನ್ನು ನೋಡಿದೊಡನೆ ಸಂದು ಎಷ್ಟು ಥೌ ಎಂಬುದು ತಿಳಿಯುತ್ತದೆ. ಒಂದು ತುದಿ ಅಗಲವಾಗಿ ಇನ್ನೊಂದು ಕಿರಿದಾಗಿದ್ದರೆ ಜರ್ನಲು ಓರೆಯೆಂಬುದೂ ತಿಳಿಯುತ್ತದೆ. ಎಲ್ಲ ಏಳು ಬೇರಿಂಗುಗಳಿಗೂ ಇದನ್ನು ಮಾಡಿ, ಅಂಕೆಗಳನ್ನು ಬರೆದಿಟ್ಟುಕೊಂಡು, ಚಿಪ್ಪುಗಳಿಗೆ ಎಣ್ಣೆ ಸವರಿ ಜೋಡಿಸಿದ ಮೇಲೂ ಆತುರ ಸಲ್ಲದು. ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಸ್ಟಾರ್ಟರಿನಿಂದಲೇ ಶಾಫ್ಟನ್ನು ತಿರುಗಿಸಿ, ಒತ್ತಡದ ಮುಳ್ಳು ಏಳುವುದನ್ನು ಕಂಡ ಬಳಿಕ ಪ್ಲಗ್ಗು ಹಾಕಿ ಎಂಜಿನ್ನನ್ನು ಹೊತ್ತಿಸಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಓಡಿದೊಡನೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಅದರ ಮಡಿಕೆಗಳನ್ನು ಬಿಸಿಲಿನಲ್ಲಿ ಬಿಡಿಸಿ ನೋಡಬೇಕು. ನಯವಾದ ಬೂದು ಪುಡಿ ಸಹಜ; ತಾಮ್ರದ ಬಣ್ಣದ ಹೊಳೆಯುವ ಚೂರುಗಳು ಕಂಡರೆ ಎಂಜಿನ್ನಿನ ತಳದ ಎಣ್ಣೆತೊಟ್ಟಿಯಾದ ಸಂಪನ್ನು ಆಗಲೇ ಇಳಿಸುವುದು ಮೇಲು, ಏಕೆಂದರೆ ಆ ಹಂತದಲ್ಲಿ ಹಾಳಾಗಿರುವುದು ಚಿಪ್ಪು ಮಾತ್ರ; ಶಾಫ್ಟಿಗೆ ಇನ್ನೂ ಗ್ರೈಂಡಿಂಗಿನ ಹಂತಗಳು ಉಳಿದಿರುತ್ತವೆ.